ಉಟ್ಟ ಬಟ್ಟೆ ಮತ್ತು ಅದರ ಹೊಸ ಹೆಸರು: ಒಂದು ವಿವೇಚನೆ

೧

ಭಗವದ್ಗೀತೆಯ ಎರಡನೆಯ ಅಧ್ಯಾಯದ ಇಪ್ಪತ್ತೆರಡನೆಯ ಶ್ಲೋಕವು ಸುಪ್ರಸಿದ್ಧವಾದುದು. ಮನುಷ್ಯನು ಹಳೆಯ ವಸ್ತ್ರವನ್ನು ಕಳಚಿ ಹೊಸತನ್ನು ಧರಿಸುವಂತೆ ಆತ್ಮವು ಜೀರ್ಣವಾದ ಶರೀರವನ್ನು ತೊರೆದು ಬೇರೊಂದನ್ನು ಸೇರುವುದೆಂಬ ಆ ಉಪಮಾನವು ಶತಮಾನಗಳಿಂದ ಪ್ರವಚನಕಾರರ ನಾಲಗೆಯ ಮೇಲೆ ನಲಿಯುತ್ತ ಬಂದಿದೆ. ಆತ್ಮದ ಮುಂದಿನ ಗತಿಯನ್ನು ಕುರಿತು ಭಾಷ್ಯಕಾರರು ಬೇಕಾದಷ್ಟು ಬರೆದಿದ್ದಾರೆ. ಕಳಚಿದ ಆ ಬಟ್ಟೆ ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಮಾತ್ರ ಉಪಮಾನದ ಹೊರಗೇ ಉಳಿಯಿತು. ವೇದಾಂತಕ್ಕೆ ಅದರಿಂದ ಪ್ರಯೋಜನವಿಲ್ಲದಿರಬಹುದು. ಸಂಸಾರಕ್ಕೆ ಅದು ತಪ್ಪಿದ್ದಲ್ಲ. ಕಪಾಟು ತುಂಬಿ ಬಾಗಿಲು ಮುಚ್ಚದಿರುವ ದಿನ ಪ್ರತಿಯೊಂದು ಮನೆಯ ಗೃಹಿಣಿಯೂ ಅದಕ್ಕೆ ಉತ್ತರ ಹೇಳಲೇಬೇಕಾಗುತ್ತದೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಎರಡು ಕೋಣೆಯ ಮನೆಗಳಲ್ಲಿ ಈ ಪ್ರಶ್ನೆಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಉತ್ತರ ದೊರೆತಿದೆ. ಉಟ್ಟು ಸಾಕಾದ ಸೀರೆಯನ್ನೋ ತೊಟ್ಟು ಬಿಟ್ಟ ಕುರ್ತಾವನ್ನೋ ಕಿಟಕಿಯ ಬೆಳಕಿನಲ್ಲಿ ಹರಡಿ, ಮೊಬೈಲಿನಲ್ಲಿ ಚಿತ್ರ ತೆಗೆದು, ಕೆಳಗೆ ನಾಲ್ಕು ಮಾತು ಬರೆದು, ಬೆಲೆಯನ್ನು ನಮೂದಿಸಿ, ಸಾಮಾಜಿಕ ಜಾಲದ ಪುಟದಲ್ಲೋ ಖರೀದಿಯ ಆ್ಯಪಿನಲ್ಲೋ ಪ್ರಕಟಿಸುವುದು. ಕೊಳ್ಳುವವರು ಯುಪಿಐ ಮೂಲಕ ಹಣ ಕಳುಹಿಸಿದ ಮೇಲೆ ಅದನ್ನು ಕೊರಿಯರಿಗೆ ಒಪ್ಪಿಸುವುದು, ಇಲ್ಲವೆ ಇಬ್ಬರಿಗೂ ಅನುಕೂಲವಾದ ರೈಲು ನಿಲ್ದಾಣದ ಸೇತುವೆಯ ಬಳಿ ಕೈಯಿಂದ ಕೈಗೆ ದಾಟಿಸುವುದು. ಇದಿಷ್ಟೇ ಆ ಉತ್ತರ. ವ್ಯಾಪಾರದ ಈ ವಿಷಯದಲ್ಲಿ ವಿಮರ್ಶೆಗೇನು ಕೆಲಸವೆಂದು ಕೆಲವರು ಕೇಳಬಹುದು. ಚಿತ್ರದ ಕೆಳಗಿನ ಆ ನಾಲ್ಕು ಮಾತೇ ವಿಮರ್ಶೆಯ ವಿಷಯ. ಬರೆಯುವ ಅಭ್ಯಾಸವನ್ನೇ ಬಿಟ್ಟಿದ್ದ ಎಷ್ಟೋ ಜನರು ಇಂದು ಬರೆಯುವ ಗದ್ಯದಲ್ಲಿ ಇಂತಹ ವಿಕ್ರಯಲೇಖವೂ ಒಂದು. ಅದು ಏನನ್ನು ಹೇಳುತ್ತದೆ, ಏನನ್ನು ಮುಚ್ಚುತ್ತದೆ, ಮುಚ್ಚುವುದರಿಂದ ಯಾರಿಗೆ ನಷ್ಟ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಹೊಸ ಪದ್ಧತಿಯ ಗುಣದೋಷಗಳನ್ನು ತೂಗುವ ಮುನ್ನ ಹಳೆಯದರ ಸ್ವರೂಪವನ್ನು ನೆನೆಯುವುದು ಅವಶ್ಯಕ. ಕನ್ನಡದ ಮನೆಗಳಲ್ಲಿ ಉಟ್ಟ ಬಟ್ಟೆಗೆ ಹಲವು ದಾರಿಗಳಿದ್ದುವು. ಮೊದಲನೆಯದು ಮನೆಯೊಳಗಿನ ದಾರಿ. ವಿಜಯಪುರ, ಧಾರವಾಡ, ಕಲಬುರಗಿ ಕಡೆಯ ಹೆಂಗಸರು ಸವೆದ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿರಿಸಿ, ಸಾಲುಸಾಲಾಗಿ ದಾರ ಹಾಯಿಸಿ ಕೌದಿ ಹೊಲಿಯುವರು. ಅಜ್ಜಿಯ ಇಲಕಲ್ ಸೀರೆಯ ಅಂಚು, ತಾಯಿಯ ಖಣದ ಕುಪ್ಪಸದ ತುಂಡು, ಮಕ್ಕಳ ಅಂಗಿಯ ಚೂರು ಎಲ್ಲವೂ ಒಂದೇ ಹೊದಿಕೆಯಲ್ಲಿ ಸೇರಿರುತ್ತವೆ. ಬಾಣಂತಿಯ ಕೋಣೆಯಲ್ಲಿ ಎಳೆಗೂಸನ್ನು ಸುತ್ತುವುದಕ್ಕೆ ಹೊಸ ಬಟ್ಟೆಯನ್ನು ಒಲ್ಲದೆ, ಒಗೆದು ಒಗೆದು ಮೆದುವಾದ ಹಳೆಯ ಹತ್ತಿಯ ಸೀರೆಯನ್ನೇ ಅನುಭವಸ್ಥರು ಹುಡುಕುವರು. ಹೀಗೆ, ಹುಟ್ಟಿದ ಮಗುವಿನ ಮೈಗೆ ಮೊದಲು ತಾಗುವ ವಸ್ತ್ರವೇ ಮತ್ತೊಬ್ಬರು ಉಟ್ಟ ವಸ್ತ್ರ. ಇನ್ನು ದೇವಾಲಯಗಳ ಪದ್ಧತಿಯನ್ನು ನೋಡಿದರೆ, ಭಕ್ತರು ಒಪ್ಪಿಸಿ ದೇವಿಗೆ ಉಡಿಸಿದ ಸೀರೆಗಳು ಹರಾಜಿಗೆ ಬರುತ್ತವೆ. ಅವನ್ನು ಕೊಂಡವರು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಮನೆಗೆ ತರುತ್ತಾರೆ.

ಆದುದರಿಂದ ಉಟ್ಟ ಬಟ್ಟೆಯೆಲ್ಲವೂ ಮೈಲಿಗೆಯೆಂದು ಈ ನಾಡಿನ ಜನ ಬಗೆದಿದ್ದರೆನ್ನುವುದು ತಪ್ಪು. ಬಟ್ಟೆಯನ್ನು ಯಾರು ಉಟ್ಟಿದ್ದರು, ಯಾರ ಕೈಯಿಂದ ಯಾರ ಕೈಗೆ ಅದು ಇಳಿಯಿತು ಎಂಬುದರ ಮೇಲೆ ಅದರ ಮಾನ ಅವಮಾನಗಳು ನಿಂತಿದ್ದುವು. ಅಜ್ಜಿಯಿಂದ ಮೊಮ್ಮಗುವಿಗೆ ಬಂದುದು ವಾತ್ಸಲ್ಯ, ದೇವಿಯಿಂದ ಭಕ್ತಳಿಗೆ ಬಂದುದು ಪ್ರಸಾದ. ಯಜಮಾನನಿಂದ ಆಳಿಗೆ ಬಂದುದು ಬೇರೆಯೇ ಆದ ವಸ್ತು.

ಮನುಸ್ಮೃತಿಯ ಹತ್ತನೆಯ ಅಧ್ಯಾಯವು ಸೇವಕನಾದ ಶೂದ್ರನಿಗೆ ಉಂಡುಳಿದ ಅನ್ನವನ್ನೂ ಹಳತಾದ ಬಟ್ಟೆಗಳನ್ನೂ ಕೊಡತಕ್ಕದ್ದೆಂದು ವಿಧಿಸುತ್ತದೆ. ಚಂಡಾಲರಿಗೆ ಹೆಣದ ಮೇಲಿನ ಬಟ್ಟೆಯೇ ಉಡುಪೆಂದು ಅದೇ ಅಧ್ಯಾಯ ಹೇಳುತ್ತದೆ. ಎಂಜಲಿಗೂ ಹಳೆಯ ಬಟ್ಟೆಗೂ ಒಂದೇ ಪಂಕ್ತಿ. ಕೊಡುವವನ ಹಿರಿಮೆಯನ್ನೂ ಕೊಳ್ಳುವವನ ಕೀಳುತನವನ್ನೂ ಮೈಮೇಲೆಯೇ ಬರೆದು ತೋರಿಸುವ ಲಿಪಿಯಾಗಿ ಆ ಬಟ್ಟೆ ಕೆಲಸ ಮಾಡಿತು. ನವಿಮುಂಬಯಿಯಿಂದ ದಕ್ಷಿಣಕ್ಕೆ, ಕೊಂಕಣದ ಮಹಾಡಿನಲ್ಲಿ ೧೯೨೭ರ ಡಿಸೆಂಬರ್ ೨೫ರಂದು ಡಾಕ್ಟರ್ ಅಂಬೇಡ್ಕರರ ನೇತೃತ್ವದಲ್ಲಿ ಸೇರಿದ ಪರಿಷತ್ತು ಆ ಸ್ಮೃತಿಯನ್ನು ಸುಟ್ಟಿತು. ಅದೇ ಸಂದರ್ಭದಲ್ಲಿ ಅವರು ಅಲ್ಲಿ ನೆರೆದ ಹೆಂಗಸರನ್ನು ಉದ್ದೇಶಿಸಿ, ಜಾತಿಯನ್ನು ಸಾರಿ ಹೇಳುವ ಉಡಿಗೆಯ ರೀತಿಯನ್ನು ಬಿಟ್ಟು ಇತರರಂತೆ ಸೀರೆ ಉಡಬೇಕೆಂದು ಬೋಧಿಸಿದರು. ಸ್ಮೃತಿಯ ಗ್ರಂಥಕ್ಕೂ ಸೀರೆಯ ನೆರಿಗೆಗೂ ಇರುವ ಸಂಬಂಧವನ್ನು ಅವರಷ್ಟು ಸ್ಪಷ್ಟವಾಗಿ ಕಂಡವರು ವಿರಳ.

ಈ ಎರಡು ದಾರಿಗಳ ನಡುವೆ ಮೂರನೆಯದೊಂದಿತ್ತು. ಮರಾಠಿಯಲ್ಲಿ ಬೋಹಾರೀಣ ಎಂದೂ ಕನ್ನಡದ ಮನೆಗಳಲ್ಲಿ ಪಾತ್ರೆಯವಳು ಎಂದೂ ಕರೆಯಲ್ಪಡುವ ಹೆಂಗಸು ತಲೆಯ ಮೇಲೆ ಸ್ಟೀಲಿನ ಪಾತ್ರೆಗಳ ಬುಟ್ಟಿ, ಬೆನ್ನಿಗೆ ಬಟ್ಟೆಯ ಗಂಟು ಹೊತ್ತು ಮಧ್ಯಾಹ್ನದ ಹೊತ್ತಿಗೆ ಕಟ್ಟಡದ ಮೆಟ್ಟಿಲೇರಿ ಬರುವಳು. ಮುಂಬಯಿ ಕಡೆ ಈ ವೃತ್ತಿಯಲ್ಲಿ ಬಹುವಾಗಿ ತೊಡಗಿದವರು, ಗುಜರಾತಿನಲ್ಲಿ ದೇವಿಪೂಜಕರೆಂದು ತಮ್ಮನ್ನು ಕರೆದುಕೊಳ್ಳುವ ವಾಘ್ರಿ ಸಮುದಾಯದವರು. ಎರಡು ಪ್ಯಾಂಟಿಗೆ ಒಂದು ಡಬ್ಬಿ, ಜರಿಯ ಸೀರೆಯೊಂದಿದ್ದರೆ ಮುಚ್ಚಳವಿರುವ ದೊಡ್ಡ ಪಾತ್ರೆ; ಇನ್ನೊಂದು ಅಂಗಿ ಸೇರಿಸಿರೆಂದು ಅವಳು, ಈ ತಟ್ಟೆಯನ್ನೂ ಬಿಡೆಂದು ಮನೆಯವಳು. ಹೊಸ್ತಿಲಿನ ಈಚೆಗೂ ಆಚೆಗೂ ಕುಳಿತು ನಡೆಸುವ ಆ ಚೌಕಾಶಿಯಲ್ಲಿ ಯಾರೂ ದಾನಿಯಲ್ಲ, ಯಾರೂ ಯಾಚಕರಲ್ಲ. ಹಳೆಯ ಬಟ್ಟೆಯು ದಾನದ ನೆರಳಿನಿಂದ ಹೊರಬಂದು ವಿನಿಮಯದ ಬೆಳಕಿಗೆ ನಿಂತದ್ದು ಆ ಹೊಸ್ತಿಲಿನಲ್ಲಿ. ದೆಹಲಿಯ ಇದೇ ವ್ಯಾಪಾರವನ್ನು ಕುರಿತು ಲೂಸಿ ನಾರಿಸ್ ಎಂಬ ವಿದುಷಿಯು ಬರೆದು ೨೦೧೦ರಲ್ಲಿ ಪ್ರಕಟವಾದ ಗ್ರಂಥವು, ಹೀಗೆ ಸಂಗ್ರಹವಾದ ಬಟ್ಟೆ ರಘುಬೀರ್ ನಗರದ ನಸುಕಿನ ಸಂತೆಯನ್ನು ಸೇರಿ, ಅಲ್ಲಿಂದ ಹೇಗೆ ಹಲವು ಕವಲುಗಳಾಗಿ ಒಡೆಯುತ್ತದೆಂಬುದನ್ನು ವಿವರಿಸುತ್ತದೆ. ಗಟ್ಟಿಯಾದುದು ದುರಸ್ತಿಯಾಗಿ ಕೂಲಿಕಾರರಿಗೆ ಮಾರಾಟವಾಗುತ್ತದೆ. ರೇಷ್ಮೆ ಸೀರೆ ದಿಂಬಿನ ಹೊದಿಕೆಯೋ ವಿದೇಶೀಯರ ಲಂಗವೋ ಆಗುತ್ತದೆ. ಯಾವುದಕ್ಕೂ ಬಾರದುದು ಒರೆಸುವ ಚಿಂದಿಯಾಗುತ್ತದೆ.

೩

ಆ್ಯಪಿನ ಆಗಮನವು ಈ ಭೂಮಿಕೆಯ ಮೇಲೆ ನಡೆಯಿತು. ೨೦೦೬ರಲ್ಲಿ ಸ್ಥಾಪಿತವಾದ ಓಎಲ್‌ಎಕ್ಸ್ ಸಂಸ್ಥೆಯು ಹಳೆಯ ಸಾಮಾನು ಮಾರುವುದು ನಾಚಿಕೆಯ ವಿಷಯವಲ್ಲವೆಂದು ಮಧ್ಯಮವರ್ಗಕ್ಕೆ ಜಾಹೀರಾತುಗಳ ಮೂಲಕ ಕಲಿಸಿತು. ಆದರೆ ಅದರ ದೃಷ್ಟಿ ಮುಖ್ಯವಾಗಿ ಮೊಬೈಲು, ಸೋಫಾ, ಸ್ಕೂಟರುಗಳ ಮೇಲಿತ್ತು. ೨೦೧೬ರಲ್ಲಿ ಎರಡು ಘಟನೆಗಳು ಸಂಭವಿಸಿದುವು. ಫೇಸ್‌ಬುಕ್ ತನ್ನ ಮಾರ್ಕೆಟ್‌ಪ್ಲೇಸನ್ನು ಪ್ರಾರಂಭಿಸಿತು; ಭಾರತದಲ್ಲಿ ಯುಪಿಐ ಪಾವತಿಯ ವ್ಯವಸ್ಥೆ ಜಾರಿಗೆ ಬಂದಿತು. ಪರಿಚಯವಿಲ್ಲದ ಇಬ್ಬರು ಗೃಹಿಣಿಯರು ಮುನ್ನೂರು ರೂಪಾಯಿಯ ವ್ಯವಹಾರವನ್ನು ಅಂಗಡಿಯ ನೆರವಿಲ್ಲದೆ ಮುಗಿಸಬಹುದೆಂಬುದು ಅನಂತರವೇ ಸಾಧ್ಯವಾದುದು. ೨೦೨೦ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿ, ಜನರು ಮನೆಯಲ್ಲಿ ಕುಳಿತು ಕಪಾಟು ಬಿಚ್ಚಿದಾಗ, ಇನ್‌ಸ್ಟಾಗ್ರಾಮಿನಲ್ಲಿ ಥ್ರಿಫ್ಟ್ ಸ್ಟೋರ್ ಎಂಬ ಹೆಸರಿನ ಪುಟಗಳು ದೇಶದಾದ್ಯಂತ ಹುಟ್ಟಿಕೊಂಡುವು. ೨೦೧೧ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮನೀಷ್ ಚಂದ್ರ ಮತ್ತಿತರರು ಸ್ಥಾಪಿಸಿದ ಪಾಶ್‌ಮಾರ್ಕ್, ಉಟ್ಟ ಬಟ್ಟೆಯ ವಿಕ್ರಯವನ್ನೇ ಸಾಮಾಜಿಕ ಜಾಲವನ್ನಾಗಿ ಮಾಡಿದ ಆ್ಯಪು, ೨೦೨೧ರ ಸೆಪ್ಟೆಂಬರಿನಲ್ಲಿ ಭಾರತವನ್ನು ಪ್ರವೇಶಿಸಿತು. ಅಲ್ಲಿ ಪ್ರತಿಯೊಬ್ಬ ಮಾರಾಟಗಾರ್ತಿಯ ಪುಟಕ್ಕೂ ಕ್ಲಾಸೆಟ್, ಎಂದರೆ ಬಟ್ಟೆಯ ಕಪಾಟು, ಎಂದು ಹೆಸರು. ಎರಡು ವರ್ಷಗಳಲ್ಲಿಯೇ, ೨೦೨೩ರಲ್ಲಿ, ಅದು ಭಾರತದಲ್ಲಿನ ತನ್ನ ವ್ಯವಹಾರವನ್ನು ಮುಚ್ಚಿತು. ಪುಟಗಳು ಮತ್ತು ಗುಂಪುಗಳು ಮಾತ್ರ ಉಳಿದುಕೊಂಡುವು.

ಠಾಣೆ ಜಿಲ್ಲೆಗೆ ಬಟ್ಟೆಯ ವ್ಯವಹಾರ ಹೊಸದಲ್ಲವೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಕಲ್ಯಾಣಕ್ಕೆ ಅಂಟಿಕೊಂಡ ಉಲ್ಹಾಸನಗರವು, ದೇಶವಿಭಜನೆಯಲ್ಲಿ ಉಟ್ಟ ಬಟ್ಟೆಯಲ್ಲಿ ಬಂದ ಸಿಂಧೀ ನಿರಾಶ್ರಿತರ ಶಿಬಿರವಾಗಿದ್ದು ೧೯೪೯ರಲ್ಲಿ ಊರಾಗಿ ನಾಮಕರಣಗೊಂಡಿತು. ಮುಂದೆ ಜೀನ್ಸ್ ಹೊಲಿಗೆಗೆ ಹೆಸರಾಯಿತು. ಪಕ್ಕದ ಭಿವಂಡಿಯು ವಿದ್ಯುತ್ ಮಗ್ಗಗಳ ಊರು. ಇಂದು ಅದರ ಸುತ್ತ ಆ್ಯಪುಗಳಿಗೆ ಸರಕು ಒದಗಿಸುವ ಗೋದಾಮುಗಳೆದ್ದಿವೆ. ನೇಯುವುದು, ಹೊಲಿಯುವುದು, ಕೂಡಿಡುವುದು ಎಲ್ಲವೂ ಈ ಒಂದೇ ರೈಲು ದಾರಿಯ ಆಸುಪಾಸಿನಲ್ಲಿ ನಡೆಯುತ್ತಿರುವಾಗ, ಉಟ್ಟುದನ್ನು ಮತ್ತೆ ಮಾರುವ ಕೆಲಸವೂ ಇಲ್ಲಿಯೇ ಬೇರೂರಿದುದು ಆಶ್ಚರ್ಯವಲ್ಲ.

ಈ ಹೊಸ ಪದ್ಧತಿಯ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಪಾತ್ರೆಯವಳು ಕೊಟ್ಟ ಡಬ್ಬಿ ಅಡುಗೆಮನೆಯ ಸಾಲಿಗೆ ಸೇರಿ ಮನೆಯವರೆಲ್ಲರ ಸೊತ್ತಾಗುತ್ತಿತ್ತು. ಸೀರೆ ಅವಳದು, ಡಬ್ಬಿ ಎಲ್ಲರದು. ಆ್ಯಪಿನಲ್ಲಿ ಮಾರಿದ ಸೀರೆಯ ಹಣ, ಖಾತೆ ಅವಳ ಹೆಸರಿನಲ್ಲಿದ್ದರೆ, ಅವಳ ಖಾತೆಗೇ ಬೀಳುತ್ತದೆ. ತವರಿನವರು ಉಡಿತುಂಬಿ ಕೊಟ್ಟ ವಸ್ತ್ರದ ಮೌಲ್ಯವು ಹಣದ ರೂಪದಲ್ಲಿ ಅವಳ ಕೈಯಲ್ಲಿಯೇ ಉಳಿಯುವುದು ಸಣ್ಣ ಲಾಭವಲ್ಲ. ಇನ್ನು ಕೊಳ್ಳುವವಳ ಕಡೆ ನೋಡಿದರೆ ಲಾಭ ಅದಕ್ಕಿಂತಲೂ ದೊಡ್ಡದು. ಮನುಸ್ಮೃತಿಯ ಕಾಲದಿಂದ ಹಳೆಯ ಬಟ್ಟೆಗೆ ಅಂಟಿದ್ದ ಅವಮಾನವನ್ನು ಬೆಲೆಯೆಂಬುದು ಒಂದೇ ಏಟಿಗೆ ಕಡಿಯುತ್ತದೆ. ಹಣ ತೆತ್ತು ಕೊಂಡವಳು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ, ಕೊಟ್ಟವಳ ಮದುವೆಮನೆಯಲ್ಲಿ ಅದೇ ಸೀರೆ ಉಟ್ಟು ಬಂದಾಳೆಂಬ ಸಂಕೋಚಕ್ಕೂ ಎಡೆಯಿಲ್ಲ. ಅಂಶು ಗುಪ್ತರು ೧೯೯೯ರಲ್ಲಿ ಸ್ಥಾಪಿಸಿದ ಗೂಂಜ್ ಸಂಸ್ಥೆಯು ಹಳ್ಳಿಗಳಲ್ಲಿ ಹಳೆಯ ಬಟ್ಟೆಯನ್ನು ಭಿಕ್ಷೆಯಾಗಿ ಹಂಚದೆ, ಬಾವಿ ತೋಡಿದ, ರಸ್ತೆ ಸರಿಪಡಿಸಿದ ಶ್ರಮಕ್ಕೆ ಪ್ರತಿಫಲವಾಗಿ ಕೊಡುವ ಕ್ರಮವನ್ನು ಹಿಡಿದುದು ಇದೇ ಮರ್ಮವನ್ನು ಅರಿತು. ಪ್ರತಿಫಲ ಕೊಟ್ಟು ಪಡೆದ ಹಳತು ಅವಮಾನವಲ್ಲ.

೪

ಹೀಗೆ ಬೆಲೆಯು ಕಳೆದ ನಾಚಿಕೆಯನ್ನು ವಿಕ್ರಯಲೇಖದ ಭಾಷೆಯು ಮತ್ತೆ ಹಿಂಬಾಗಿಲಿನಿಂದ ಒಳಗೆ ತರುತ್ತಿರುವುದೇ ಈ ಪದ್ಧತಿಯ ದೋಷ. ಅಂತಹ ಲೇಖಗಳ ಸಾಮಾನ್ಯ ಶೈಲಿಯನ್ನು ಗಮನಿಸಿದರೆ ಇದು ವೇದ್ಯವಾಗುತ್ತದೆ. ಬರೆಯುವವಳು ಕನ್ನಡಿತಿಯಾಗಿರಲಿ, ಮರಾಠಿಯಾಗಿರಲಿ, ಅವಳ ಪದಗಳೆಲ್ಲ ಇಂಗ್ಲಿಷಿನವು: ಪ್ರೀ-ಲವ್ಡ್, ಜೆಂಟ್ಲಿ ಯೂಸ್ಡ್, ಲೈಕ್ ನ್ಯೂ, ಥ್ರಿಫ್ಟ್. ಅವುಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು.

ಪ್ರೀ-ಲವ್ಡ್ ಎಂದರೆ ಮೊದಲೇ ಪ್ರೀತಿಸಲ್ಪಟ್ಟದ್ದು. ಕರ್ಮಣಿಪ್ರಯೋಗ, ಕರ್ತೃವಿಲ್ಲ. ಯಾರು ಪ್ರೀತಿಸಿದರು, ಎಷ್ಟು ಕಾಲ, ಪ್ರೀತಿಯಿದ್ದರೆ ಮಾರುವುದೇಕೆ ಎಂಬ ಪ್ರಶ್ನೆಗಳಿಗೆ ಆ ಪದದಲ್ಲಿ ಉತ್ತರವಿಲ್ಲ. ಉಟ್ಟವಳನ್ನು ಮರೆಸುವುದಕ್ಕಾಗಿಯೇ ಪ್ರೀತಿಯನ್ನು ಕರೆತಂದಂತಿದೆ. ಥ್ರಿಫ್ಟ್ ಎಂಬ ಪದದ ಅರ್ಥ ಮಿತವ್ಯಯ; ಅಮೆರಿಕದಲ್ಲಿ ದಾನವಾಗಿ ಬಂದ ವಸ್ತುಗಳನ್ನು ಮಾರುವ ಅಂಗಡಿಗೆ ಅದು ಹೆಸರಾಯಿತು. ಇಲ್ಲಿ ಅದು ಗೊತ್ತಾದ ಗಂಟೆಗೆ ಹತ್ತಾರು ಬಟ್ಟೆಗಳನ್ನು ಒಟ್ಟಿಗೆ ಪ್ರಕಟಿಸಿ, ಯಾರು ಮೊದಲು ಬುಕ್ಡ್ ಎಂದು ಬರೆಯುವರೋ ಅವರಿಗೆ ಎಂಬ ಓಟದ ಪಂದ್ಯವಾಗಿದೆ. ಮಿತವ್ಯಯದ ಹೆಸರಿನಲ್ಲಿ ಅಮಿತವಾದ ಆತುರ.

ಎಲ್ಲಕ್ಕಿಂತ ವಿಚಾರಾರ್ಹವಾದುದು ಒಂದೇ ಸಲ ಉಟ್ಟದ್ದು ಎಂಬ ಪುನಃಪುನಃ ಕಾಣುವ ಮಾತು. ಸಲಗಳ ಸಂಖ್ಯೆ ಕಡಿಮೆಯಾದಷ್ಟೂ ಬೆಲೆ ಏರುತ್ತದೆ. ಒಂದೂ ಸಲ ಉಡದೆ, ಅಂಗಡಿಯ ಚೀಟಿಯೂ ಕಳಚದಿದ್ದರೆ ಅದೇ ಪರಮೋತ್ಕೃಷ್ಟ. ಎಂದರೆ, ಉಟ್ಟ ಬಟ್ಟೆಯ ಮಾರುಕಟ್ಟೆಯಲ್ಲಿ ಅತ್ಯಂತ ಮೇಲಾದ ಬಟ್ಟೆ ಯಾರೂ ಉಡದ ಬಟ್ಟೆಯೆಂದಾಯಿತು. ತನ್ನ ಸರಕಿನ ಮೂಲಸ್ವರೂಪವನ್ನೇ ಕಳಂಕವೆಂದು ಬಗೆಯುವ ವ್ಯಾಪಾರವು, ಎಷ್ಟೇ ನಯವಾದ ಪದವನ್ನು ಬಳಸಿದರೂ, ಹಳೆಯ ಮೈಲಿಗೆಯ ಭಾವನೆಯನ್ನೇ ಹೊಸ ಅಕ್ಷರಗಳಲ್ಲಿ ಬರೆಯುತ್ತಿದೆ ಎನ್ನದೆ ವಿಧಿಯಿಲ್ಲ.

ಕನ್ನಡದ ಕ್ರಿಯಾಪದಗಳನ್ನು ಇಲ್ಲಿ ಹೋಲಿಸಿ ನೋಡಬೇಕು. ಇಂಗ್ಲಿಷಿನವನು ಎಲ್ಲಕ್ಕೂ ಒಂದೇ ಕ್ರಿಯಾಪದದಲ್ಲಿ ಕೆಲಸ ಸಾಗಿಸುತ್ತಾನೆ. ಮಾರುವಾಗಲಂತೂ ಅದನ್ನೂ ಬಿಟ್ಟು ಯೂಸ್ಡ್ ಎಂದು, ಸಾಬೂನಿಗೂ ಸೀರೆಗೂ ಭೇದವಿಲ್ಲದಂತೆ ನುಡಿಯುತ್ತಾನೆ. ಕನ್ನಡದಲ್ಲಿ ಸೀರೆಯನ್ನು ಉಡುತ್ತಾರೆ, ಕುಪ್ಪಸವನ್ನು ತೊಡುತ್ತಾರೆ, ಶಾಲನ್ನು ಹೊದೆಯುತ್ತಾರೆ, ರುಮಾಲನ್ನು ಸುತ್ತುತ್ತಾರೆ, ಹೂವನ್ನು ಮುಡಿಯುತ್ತಾರೆ. ಒಂದೊಂದು ವಸ್ತುವೂ ಮೈಯ ಯಾವ ಭಾಗವನ್ನು ಯಾವ ಬಗೆಯಲ್ಲಿ ಸೇರುತ್ತದೆಂಬುದು ಕ್ರಿಯಾಪದದೊಳಗೇ ಇದೆ. ಉಟ್ಟ ಸೀರೆ, ತೊಟ್ಟ ಅಂಗಿ, ಹೊದ್ದ ಶಾಲು ಎಂದೊಡನೆ ಮೈಯೊಂದು ಕಣ್ಣ ಮುಂದೆ ನಿಲ್ಲುತ್ತದೆ. ಇಂತಹ ಪದವಿದ್ದೂ ಆಮದಿನ ಪದಕ್ಕೆ ಕೈಚಾಚುವುದಕ್ಕೆ ಶಬ್ದದಾರಿದ್ರ್ಯವು ಕಾರಣವಲ್ಲ. ಆ ಮೈಯನ್ನು ಕಾಣಿಸಬಾರದೆಂಬ ಸಂಕೋಚವೇ ಕಾರಣ.

ಆದರೂ ಈ ಲೇಖಗಳಲ್ಲಿ ಒಂದು ಪಂಕ್ತಿ ನಿಜವಾಗಿ ಶ್ಲಾಘ್ಯವಾದುದು. ಫ್ಲಾ ಎಂಬ ತಲೆಬರಹದ ಕೆಳಗೆ ಬರುವ ದೋಷನಿರೂಪಣೆ ಅದು. ಕೊಳ್ಳುವವಳಿಗೆ ಬಟ್ಟೆಯನ್ನು ಮುಟ್ಟಿ ನೋಡುವ ಅವಕಾಶವಿಲ್ಲ. ಹಿಂತಿರುಗಿಸುವ ಅವಕಾಶವೂ ಪುಟಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೀಗಿರಲಾಗಿ ಪ್ರಾಮಾಣಿಕಳಾದ ಮಾರಾಟಗಾರ್ತಿಯು ಎಡತೋಳಿನ ಕೆಳಗೆ ಮಾಸಿದ ಕಲೆಯಿದೆ, ಸೆರಗಿನ ಎರಡು ಎಳೆ ಎದ್ದಿವೆ, ಒಂದು ಗುಂಡಿ ಬೇರೆ ಬಣ್ಣದ್ದು ಎಂದು ಬರೆದು, ಕಲೆಯ ಪಕ್ಕದಲ್ಲಿ ನಾಣ್ಯವನ್ನಿರಿಸಿ ಅದರ ಗಾತ್ರವನ್ನು ತೋರಿಸುತ್ತಾಳೆ. ಆ ಒಂದು ವಾಕ್ಯದಲ್ಲಿ ಅಲಂಕಾರವಿಲ್ಲ, ಆಮದಿನ ಪ್ರೀತಿಯಿಲ್ಲ. ಕಣ್ಣಿಟ್ಟು ನೋಡಿದ ವಸ್ತುವಿದೆ, ಎದುರಿನವಳನ್ನು ವಂಚಿಸಬಾರದೆಂಬ ವಿವೇಕವಿದೆ. ಇಡೀ ಲೇಖದಲ್ಲಿ ಗದ್ಯವೆಂದು ಕರೆಸಿಕೊಳ್ಳಬಲ್ಲ ಭಾಗ ಅದೊಂದೇ. ಬಟ್ಟೆಯನ್ನು ಒಬ್ಬರು ಉಟ್ಟಿದ್ದರೆಂಬ ಸತ್ಯವು ಲೇಖದಲ್ಲೆಲ್ಲಾದರೂ ಬಾಯಿಬಿಟ್ಟಿದ್ದರೆ ಅಲ್ಲಿಯೇ.

೫

ಉಟ್ಟ ಬಟ್ಟೆಯಲ್ಲಿ ನೆನಪು ನಿಲ್ಲುವುದೆಂಬುದನ್ನು ಪಾಶ್ಚಾತ್ಯರೂ ಅರಿಯದವರಲ್ಲ. ಕಾರ್ಲೈಲನು ೧೮೩೩-೩೪ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ‘ಸಾರ್ಟರ್ ರಿಸಾರ್ಟಸ್’ ಕೃತಿಯಲ್ಲಿ ಹಳೆಯ ಬಟ್ಟೆಗಳನ್ನೇ ಕುರಿತ ಅಧ್ಯಾಯವೊಂದಿದೆ. ಲಂಡನ್ನಿನ ಮಾನ್‌ಮತ್ ಬೀದಿಯ ಹಳೆಬಟ್ಟೆಯ ಅಂಗಡಿಗಳಲ್ಲಿ ತೂಗುಹಾಕಿದ ಬರಿದಾದ ಅಂಗಿಗಳ ಮುಂದೆ ಅವನ ತತ್ತ್ವಜ್ಞಾನಿಯು ದೇವಾಲಯದಲ್ಲಿ ನಿಂತವನಂತೆ ಭಕ್ತಿಯಿಂದ ನಡೆಯುತ್ತಾನೆ. ಹಾಸ್ಯದ ಆವರಣದೊಳಗೆ ಒಂದು ನಿಜವಿದೆ: ಮನುಷ್ಯನು ಹೊರಟುಹೋದ ಮೇಲೂ ಅವನ ಆಕಾರ ಅಂಗಿಯಲ್ಲಿ ನಿಂತಿರುತ್ತದೆ. ಪೀಟರ್ ಸ್ಟಾಲಿಬ್ರಾಸ್ ಎಂಬ ವಿದ್ವಾಂಸನು ೧೯೯೮ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಾರ್ಲ್ ಮಾರ್ಕ್ಸನು ಬಡತನದಿಂದ ತನ್ನ ಮೇಲಂಗಿಯನ್ನು ಗಿರವಿಯಿಟ್ಟು, ಅದಿಲ್ಲದೆ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯಕ್ಕೆ ಹೋಗಲಾರದಾದ ಪ್ರಸಂಗವನ್ನು ವಿವರಿಸುತ್ತ, ಹತ್ತೊಂಬತ್ತನೆಯ ಶತಮಾನದ ದರ್ಜಿಗಳು ಅಂಗಿಯ ಮೊಳಕೈಯ ಸುಕ್ಕುಗಳನ್ನು ನೆನಪುಗಳೆಂದು ಕರೆಯುತ್ತಿದ್ದುದನ್ನು ಎತ್ತಿ ಹೇಳುತ್ತಾನೆ. ತೊಟ್ಟವನಿಗೆ ಆ ಸುಕ್ಕು ನೆನಪು; ಗಿರವಿಯಂಗಡಿಯವನಿಗೆ ಅದು ಬೆಲೆ ತಗ್ಗಿಸುವ ಕಾರಣ. ಆ್ಯಪಿನ ವಿಕ್ರಯಲೇಖವು ಪ್ರೀತಿಯ ಮಾತನ್ನು ತೊಟ್ಟವನಿಂದಲೂ ಲೆಕ್ಕವನ್ನು ಗಿರವಿಯವನಿಂದಲೂ ಕಲಿತಿದೆ.

ಭಾಷೆಯ ಈ ದೋಷವು ಬರಿಯ ರುಚಿಯ ವಿಷಯವಾಗಿದ್ದರೆ ಇಷ್ಟು ದೀರ್ಘವಾಗಿ ಚರ್ಚಿಸಬೇಕಾಗಿರಲಿಲ್ಲ. ಅದರ ಪರಿಣಾಮವು ಬಟ್ಟೆಯ ಗಂಟಿನ ಮೇಲೂ ಆಗುತ್ತದೆ. ಪಾತ್ರೆಯವಳು ಗಂಟನ್ನು ಗಂಟಾಗಿ ಕೊಳ್ಳುತ್ತಿದ್ದಳು: ಒಂದು ಒಳ್ಳೆಯ ಸೀರೆ, ಎರಡು ಸಾಧಾರಣ ಅಂಗಿ, ನಾಲ್ಕು ಹರಕು. ಒಳ್ಳೆಯ ಸೀರೆಯ ಲಾಭವು ಹರಕನ್ನು ಹೊತ್ತ ಶ್ರಮವನ್ನು ತೂಗಿಸುತ್ತಿತ್ತು. ಆ್ಯಪು ಗಂಟನ್ನು ಬಿಚ್ಚಿ ಒಳ್ಳೆಯ ಸೀರೆಯನ್ನು ಮಾತ್ರ ಎತ್ತಿಕೊಳ್ಳುತ್ತದೆ. ಚಿತ್ರಕ್ಕೆ ಒದಗದ ಅಂಗಿ, ಲೇಖಕ್ಕೆ ನಿಲುಕದ ಹರಕು ಇವೇ ಅವಳ ಪಾಲಿಗೆ ಉಳಿಯುತ್ತವೆ. ಒಂದೇ ಸಲ ಉಟ್ಟದ್ದಕ್ಕೆ ಮಾತ್ರ ಮರ್ಯಾದೆಯೆಂದು ನಂಬಿಸುವ ಭಾಷೆಯು, ಹತ್ತು ವರ್ಷ ಉಟ್ಟುದನ್ನು ಕಸವೆಂದು ನಂಬಿಸುತ್ತದೆ. ಆಗ ಅದನ್ನು ತೊಳೆದು, ಹೊಲಿದು, ಇಸ್ತ್ರಿಮಾಡಿ ಮತ್ತೆ ನಾಲ್ಕು ವರ್ಷ ಬಾಳಿಸುತ್ತಿದ್ದ ಕೈಗಳಿಗೆ ಕೆಲಸ ಕುಂದುತ್ತದೆ. ವಿಜಯಪುರ, ಕಲಬುರಗಿಗಳಿಂದ ಬಂದು ನವಿಮುಂಬಯಿಯ ಕಟ್ಟಡಗಳಲ್ಲಿ ಕಲ್ಲುಮಣ್ಣು ಹೊರುವ ಕನ್ನಡದ ಕೂಲಿಕಾರನಿಗೂ ಬೇಕಾದುದು ಅಂತಹ ಅಂಗಿಯೇ. ಆ್ಯಪಿನ ಕಪಾಟಿನಲ್ಲಿ ಅವನ ಅಳತೆಯ ಅಂಗಿಯಿರಬಹುದು. ಅವನ ಬೆಲೆಯ ಅಂಗಿ ಇರುವುದು ಅಪರೂಪ, ಏಕೆಂದರೆ ಕೊರಿಯರಿನ ಖರ್ಚೇ ಅದರ ಬೆಲೆಯನ್ನು ಮೀರುತ್ತದೆ.

ಹೊಸ ಪದ್ಧತಿಯನ್ನು ಸಮರ್ಥಿಸುವವರು, ಇದರಿಂದ ಭೂಮಿಯ ಮೇಲಿನ ಕಸ ಕಡಿಮೆಯಾಗುವುದೆಂದು ವಾದಿಸುವುದುಂಟು. ಆ ವಾದದಲ್ಲಿ ಸತ್ಯಾಂಶವಿದೆ. ಒಂದು ಬಟ್ಟೆಯನ್ನು ಇಬ್ಬರು ಉಟ್ಟರೆ ಹೊಸದೊಂದನ್ನು ನೇಯುವ ನೀರು, ಬಣ್ಣ, ವಿದ್ಯುತ್ತು ಉಳಿಯಬಹುದು. ಆದರೆ ಮಾರಬಹುದೆಂಬ ಧೈರ್ಯದಿಂದಲೇ ಕೊಳ್ಳುವವರು ಹೆಚ್ಚಿದರೆ ಉಳಿತಾಯವೆಲ್ಲಿ? ೨೦೧೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಮೊದಲಾದ ಆ್ಯಪುಗಳು ಹೊಸ ಬಟ್ಟೆಯನ್ನೇ ಅತ್ಯಲ್ಪ ಬೆಲೆಗೆ ಮನೆಯ ಬಾಗಿಲಿಗೆ ತಂದಿಳಿಸುತ್ತಿರುವಾಗ, ಹಳತು ಹೊಸತರಂತೆ ನಟಿಸಿ ಗೆಲ್ಲಲಾರದು. ಬೆಲೆಯಲ್ಲಿ ಹೊಸತು ಅಗ್ಗ, ನೋಟದಲ್ಲಿ ಹೊಸತು ಚೆಂ. ಹಳತಿಗೆ ಉಳಿಯುವ ಹೆಚ್ಚುಗಾರಿಕೆ ಒಂದೇ: ಅದು ಉಟ್ಟು ಪರೀಕ್ಷಿಸಲ್ಪಟ್ಟದ್ದು. ಬಣ್ಣ ಬಿಡುವುದಿಲ್ಲವೆಂದು ಇಪ್ಪತ್ತು ಒಗೆತಗಳಲ್ಲಿ ತೋರಿಸಿದ ಸೀರೆ, ಹೊಲಿಗೆ ಬಿಚ್ಚಲಿಲ್ಲವೆಂದು ಐದು ಮಳೆಗಾಲಗಳಲ್ಲಿ ತೋರಿಸಿದ ಅಂಗಿ. ಹೊಸ ಬಟ್ಟೆ ಕೊಡಲಾರದ ಈ ಭರವಸೆಯನ್ನು ಒಂದೇ ಸಲ ಉಟ್ಟದ್ದು ಎಂಬ ಮಾತು ಹಾಳುಗೆಡವುತ್ತದೆ; ಹತ್ತು ವರ್ಷ ಉಟ್ಟಿದ್ದೇನೆ, ಇನ್ನೂ ಹತ್ತು ವರ್ಷ ಬಾಳುತ್ತದೆ ಎಂಬ ಮಾತು ಎತ್ತಿಹಿಡಿಯುತ್ತದೆ.

೬

ಮೇಲಿನ ವಿವೇಚನೆಯಿಂದ ಫಲಿಸುವ ಅಭಿಪ್ರಾಯವಿಷ್ಟು. ಉಟ್ಟ ಬಟ್ಟೆಯನ್ನು ಬಹಿರಂಗವಾಗಿ ಬೆಲೆಕಟ್ಟಿ ಮಾರುವುದು ಈ ಸಮಾಜದಲ್ಲಿ ಬಹುಕಾಲದ ಕಳಂಕವೊಂದನ್ನು ತೊಡೆಯುವ ಕಾರ್ಯ. ಅದಕ್ಕೆ ಆ್ಯಪು ಸಾಧನವಾದುದು ಸಂತೋಷದ ವಿಷಯ. ಅದನ್ನು ನಿಂದಿಸಿ, ಕೆಲಸದವಳಿಗೆ ಹಬ್ಬದ ದಿನ ಹಳೆಯ ಸೀರೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದ ಕಾಲವೇ ಮೇಲೆನ್ನುವವರು, ಆ ಪುಣ್ಯದ ಭಾರವನ್ನು ಹೊತ್ತವಳು ಯಾರೆಂಬುದನ್ನು ಯೋಚಿಸಿಲ್ಲ. ಆದರೆ ಬೆಲೆಯು ತೊಡೆದುದನ್ನು ಭಾಷೆಯು ಮತ್ತೆ ಬಳಿಯಬಾರದು. ಪ್ರೀ-ಲವ್ಡ್ ಎಂಬ ಮುಸುಕನ್ನು ತೆಗೆದು ಉಟ್ಟದ್ದು ಎಂದು ಹೇಳುವ ಧೈರ್ಯ ಮಾರುವವರಿಗೂ, ಕೇಳಿ ಒಪ್ಪುವ ಧೈರ್ಯ ಕೊಳ್ಳುವವರಿಗೂ ಬಂದ ದಿನ ಈ ವ್ಯಾಪಾರವು ನಿಜವಾಗಿ ನಾಚಿಕೆಯಿಂದ ಬಿಡುಗಡೆ ಪಡೆಯುತ್ತದೆ. ಡೊಂಬಿವಲಿಯ ಕನ್ನಡಿತಿಯು ತನ್ನ ಇಲಕಲ್ ಸೀರೆಯ ಚಿತ್ರದ ಕೆಳಗೆ, ಇದನ್ನು ಎಂಟು ವರ್ಷ ಉಟ್ಟಿದ್ದೇನೆ, ಸೆರಗಿನ ಕೆಂಪು ಹಾಗೆಯೇ ಇದೆ, ಅಂಚಿನಲ್ಲಿ ಒಂದು ಕಡೆ ದಾರ ಹಾಕಿದ್ದೇನೆ ಎಂದು ಕನ್ನಡದಲ್ಲಿಯೇ ಬರೆಯಬಹುದು. ಅಂತಹ ವಾಕ್ಯದಲ್ಲಿ ಸೀರೆಯೂ ಇರುತ್ತದೆ, ಅವಳೂ ಇರುತ್ತಾಳೆ.

ಚಿತ್ರಕ್ಕೆ ಒದಗದ ಬಟ್ಟೆಯ ವಿಷಯದಲ್ಲಿ ಹೇಳಬೇಕಾದುದು ಇನ್ನೂ ಸರಳ. ಒಳ್ಳೆಯ ಸೀರೆಯನ್ನು ಆ್ಯಪಿನಲ್ಲಿ ಮಾರಿದವಳು, ಮಧ್ಯಾಹ್ನ ಮೆಟ್ಟಿಲಿನಲ್ಲಿ ಪಾತ್ರೆಯವಳ ದನಿ ಕೇಳಿದಾಗ ಬರಿಯ ಹರಕನ್ನಷ್ಟೇ ಅವಳ ಮುಂದೆ ಸುರಿಯದೆ, ಎರಡು ಗಟ್ಟಿಯಾದ ಅಂಗಿಗಳನ್ನೂ ಅದರಲ್ಲಿ ಸೇರಿಸಿದರೆ ಗಂಟು ಮತ್ತೆ ಗಂಟಾಗುತ್ತದೆ. ಅದು ದಾನವಲ್ಲ, ಹೊಸ್ತಿಲಿನ ಎರಡೂ ಕಡೆ ಕುಳಿತವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಲೆಕ್ಕ. ಗೀತೆಯ ಉಪಮಾನದಲ್ಲಿ ಆತ್ಮವು ಹಳೆಯ ವಸ್ತ್ರವನ್ನು ತಿರುಗಿ ನೋಡದೆ ಮುಂದೆ ಸಾಗುತ್ತದೆ. ಸಂಸಾರದಲ್ಲಿ ಆ ಬಟ್ಟೆಗಾಗಿ ಮತ್ತೊಂದು ಮೈ ಕಾದಿರುತ್ತದೆ. ಅದನ್ನು ಕಳಚಿದವರು ಅಷ್ಟನ್ನಾದರೂ ತಿಳಿದಿರಬೇಕು.